ಬೈಸಿಕಲ್ಲಿನ ಹಾದಿಯೂ ಸರ್ಕಾರದ ಬೊಕ್ಕಸವೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂಬ ಸ್ಥಳವು ಕೆಲವು ವರ್ಷಗಳ ಹಿಂದಿನವರೆಗೆ ಸುತ್ತಣ ಊರುಗಳವರಿಗಲ್ಲದೆ ಮಿಕ್ಕವರಿಗೆ ಅಷ್ಟಾಗಿ ಪರಿಚಿತವಾದುದಲ್ಲ. 2016ನೆಯ ಇಸವಿ ಜನವರಿ 3ನೆಯ ತಾರೀಖು ಇಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಅಸ್ತಿಭಾರವನ್ನಿಟ್ಟರು. 2023ನೆಯ ಇಸವಿ ಫೆಬ್ರವರಿ 6ರಂದು ಪ್ರಾರಂಭೋತ್ಸವವೂ ಜರುಗಿತು. ಕಾರ್ಖಾನೆಯ ವಿಸ್ತಾರ 615 ಎಕರೆ. ಮೊದಲು ವರ್ಷಕ್ಕೆ 30 ಯಂತ್ರಗಳನ್ನು ಕಟ್ಟುವುದೆಂದೂ, ಅನಂತರ ಹಂತಹಂತವಾಗಿ ಅದನ್ನು 60ಕ್ಕೂ 90ಕ್ಕೂ ಏರಿಸುವುದೆಂದೂ ಆಗ ಪ್ರಕಟವಾಯಿತು. ನಮ್ಮ ಜಿಲ್ಲೆಗೆ ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಲೇಖನದಲ್ಲಿ ಹೇಳಹೊರಟಿರುವುದು ಆಕಾಶದಲ್ಲಿ ಹಾರುವ ವಾಹನದ ವಿಚಾರವಲ್ಲ. ಅದೇ ಕಾರ್ಖಾನೆಯ ಗೋಡೆಯ ಹೊರಗೆ, ರಸ್ತೆಯ ಅಂಚಿನ ಮಣ್ಣಿನಲ್ಲಿ, ಲಾರಿ ಬಂದಾಗಲೆಲ್ಲ ಕೆಳಗಿಳಿದು ನಿಲ್ಲಬೇಕಾದ ಒಂದು ಬಡ ವಾಹನದ ವಿಚಾರ. ಸಂಚಾರಕ್ಕೆಂದು ನಮ್ಮ ಸೀಮೆಯ ಸರ್ಕಾರಗಳು ಯಾವ ಯಾವ ಕಾಲದಲ್ಲಿ ಯಾವುದನ್ನು ತೆಗೆದಿರಿಸಿದುವು, ಬೈಸಿಕಲ್ಲಿನ ಪಾಲಿಗೆ ಅದರಲ್ಲಿ ಏನು ಬಂದಿತು ಎಂಬುದನ್ನು ವಾಚಕರ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ಕಾವಲ್ ಎಂಬ ಶಬ್ದದಿಂದಲೇ ಮೊದಲುಮಾಡಬಹುದು. ಕಾವಲೆಂದರೆ ಕಾಯ್ದಿಟ್ಟ ನೆಲ. ಉಳುವವನ ನೇಗಿಲು ಹೊಗದಂತೆ, ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲು. ಕ್ರಿ. ಶ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಗೋವುಗಳಿಗಾಗಿ ಇಂತಹ ಕಾವಲುಗಳನ್ನು ಗೊತ್ತುಮಾಡಿ, ಆ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿಟ್ಟರು. ಹೆಸರು ಬೆಣ್ಣೆಯದಾದರೂ ಹೈದರನ ಕಾಲಕ್ಕೆ ಅದರ ಕೆಲಸ ಬೇರೆಯಾಯಿತು. ತೋಪುಗಳನ್ನೂ ಸೈನ್ಯದ ಸಾಮಾನುಗಳನ್ನೂ ಎಳೆಯುವುದಕ್ಕೆ ಈ ತಳಿಯ ಎತ್ತುಗಳಷ್ಟು ಚುರುಕಾದುವು ಬೇರೆ ಇರಲಿಲ್ಲ. ಹೈದರನು ಎರಡೂವರೆ ದಿವಸಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಸೇರಿದುದು ಈ ಎತ್ತುಗಳ ಬಲದಿಂದಲೇ ಎಂದು ಇಂಗ್ಲಿಷರೇ ಬರೆದಿಟ್ಟರು. ಟಿಪ್ಪುವು ಇಲಾಖೆಯನ್ನು ವಿಸ್ತರಿಸಿ ಅಮೃತಮಹಲ್ ಎಂಬ ಹೆಸರನ್ನು ಕೊಟ್ಟನು. 1799ರ ಬಳಿಕ ಹಿಂಡುಗಳು ಇಂಗ್ಲಿಷರ ಕೈಸೇರಿದುವು. ಮುಂದೆ ವೆಲಿಂಗ್ಟನ್ ಡ್ಯೂಕನೆನಿಸಿದ ಸೇನಾಪತಿ ದಂಡಯಾತ್ರೆಗಳಲ್ಲಿ ಇವುಗಳ ಉಪಯೋಗವನ್ನು ಮೆಚ್ಚಿಕೊಂಡನು. ಕಾವಲುಗಳಲ್ಲಿ ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಭಾಗವಿದ್ದಿತು. ಒಂದೊಂದು ಋತುವಿಗೆ ಒಂದೊಂದು ನೆಲ. ಹಿಂಡು ಹೋಗುವ ದಾರಿಯೂ ನಿಗದಿಯಾದುದು. ಕಾವಲೆಂಬ ಹೆಸರಿನ ನೆಲಗಳೆಲ್ಲವೂ ಅಮೃತಮಹಲಿಗೇ ಸೇರಿದುವಲ್ಲ. ಊರ ದನಗಳಿಗೆಂದು ಬಿಟ್ಟವೂ ಉಂಟು. ಆದರೂ ಒಂದು ಮಾತು ಎಲ್ಲಕ್ಕೂ ಸಲ್ಲುತ್ತದೆ. ಸಂಚಾರಬಲವು ಬೇಕಾದರೆ ಅದರ ಮೇವಿಗೆ ನೆಲವನ್ನು ಮುಂಚಿತವಾಗಿ ತೆಗೆದಿಡಬೇಕೆಂಬುದನ್ನು ಆ ಕಾಲದ ರಾಜರು ಚೆನ್ನಾಗಿ ಬಲ್ಲವರಾಗಿದ್ದರು. ನಮ್ಮ ಜಿಲ್ಲೆಯ ಕುಣಿಗಲಿನ ಕುದುರೆ ಫಾರಂ ಸಹ ಇದಕ್ಕೆ ಸಾಕ್ಷಿ. ಟಿಪ್ಪುವಿನ ಕಾಲದಿಂದ ಅಲ್ಲಿ ಕುದುರೆಗಳಿಗೆ ಹುಲ್ಲೂ ನೆಲವೂ ಮೀಸಲು. ಎತ್ತಿಗೆ ಕಾವಲು, ಕುದುರೆಗೆ ಫಾರಂ. ಇವು ಆ ಕಾಲದ ರಸ್ತೆ ನಿಧಿಗಳೆಂದರೆ ತಪ್ಪಾಗಲಾರದು.

ಆಮೇಲೆ ಬಂದುದು ಗಾಡಿರಸ್ತೆಗಳ ಕಾಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಸುಮಾರು 1,600 ಮೈಲಿಗಳ ರಸ್ತೆಯೂ ಮುನ್ನೂರಕ್ಕೆ ಮೇಲ್ಪಟ್ಟ ಸೇತುವೆಗಳೂ ಆದುವು. ಕಂದಾಯದೊಡನೆ ಲೋಕಲ್ ಫಂಡ್ ಸೆಸ್ಸನ್ನು ಎತ್ತುವ ಪದ್ಧತಿ ಮುಂದೆ ಬಳಕೆಗೆ ಬಂದು, ಅದರಲ್ಲಿ ದೊಡ್ಡ ಭಾಗ ರಸ್ತೆಗಳಿಗೆ ವೆಚ್ಚವಾಯಿತು. ಅಂದರೆ ಉಳುವವನು ಕೊಟ್ಟ ಆಣೆಯಿಂದ ಗಾಡಿಯ ದಾರಿ. ಕೊಟ್ಟವನ ಗಾಡಿಯೂ ಅದೇ ದಾರಿಯಲ್ಲಿ ಸಂತೆಗೆ ಹೋಗುತ್ತಿದ್ದುದರಿಂದ ಇದನ್ನು ಅನ್ಯಾಯವೆನ್ನಲಾಗದು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೂ ಅಲ್ಲಿಂದ ಗುಬ್ಬಿಗೂ ರೈಲು ಬಂದಿತು. ಗುಬ್ಬಿಯ ನಾಟಕ ಕಂಪೆನಿ ಹುಟ್ಟಿದುದೂ ಅದೇ ವರ್ಷ. ಊರು ಬಿಟ್ಟು ಊರಿಗೆ ಸಾಮಾನು ಸಾಗಿಸಬೇಕಾದ ಆ ಮಂಡಲಿಗೆ ರೈಲಿನಿಂದ ಆದ ಉಪಕಾರವನ್ನು ಬಲ್ಲವರು ಊಹಿಸಿಕೊಳ್ಳಬಹುದು. ರೈಲಿಗೂ ನೆಲವನ್ನು ತೆಗೆದಿರಿಸಿದರು, ಸಾಲವನ್ನೆತ್ತಿದರು, ಅಳತೆಮಾಡಿ ಕಂಬಿ ಹಾಕಿದರು.

ಬೈಸಿಕಲ್ಲು ಹುಟ್ಟಿದುದು ಇದೇ ಕಾಲದಲ್ಲಿ. ಕಾಲಿನಿಂದ ನೆಲವನ್ನು ಒದೆದು ಓಡಿಸುವ ಎರಡು ಗಾಲಿಯ ಮರದ ಯಂತ್ರವನ್ನು ಜರ್ಮನಿಯ ಡ್ರೈಸ್ ಎಂಬುವನು 1817ರಲ್ಲಿಯೇ ಮಾಡಿದ್ದನು. ಅದು ದೊಡ್ಡ ಮನುಷ್ಯರ ವಿನೋದವಾಗಿ ಕೆಲವು ಕಾಲವಿದ್ದು ಮರೆಯಾಯಿತು. ಎರಡು ಸಮನಾದ ಗಾಲಿ, ಹಿಂದಣ ಗಾಲಿಗೆ ಸರಪಣಿ, ಕೈಗೆಟುಕುವ ಎತ್ತರ ಇವುಳ್ಳ ಈಗಿನ ರೂಪವನ್ನು ಇಂಗ್ಲೆಂಡಿನ ಸ್ಟಾರ್ಲಿಯು 1885ರಲ್ಲಿ ಕೊಟ್ಟನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರು ಟೈರನ್ನು ಸೇರಿಸಿದನು. ಅಲ್ಲಿಂದೀಚೆಗೆ ಮೂಲರೂಪದಲ್ಲಿ ವ್ಯತ್ಯಾಸವಿಲ್ಲದೆ ಇಷ್ಟು ಕಾಲ ಉಳಿದುಬಂದ ಯಂತ್ರಗಳು ವಿರಳ. ಇಲ್ಲಿ ಒಂದು ವಿಶೇಷವನ್ನು ಹೇಳಬೇಕು. ಒಳ್ಳೆಯ ರಸ್ತೆಗಳು ಬೇಕೆಂದು ಸಂಘ ಕಟ್ಟಿ ಸರ್ಕಾರವನ್ನು ಕೇಳಿದವರಲ್ಲಿ ಮೊದಲಿಗರು ಮೋಟಾರಿನವರಲ್ಲ, ಸೈಕಲ್ಲಿನವರು. ಇಂಗ್ಲೆಂಡಿನಲ್ಲಿ ಸೈಕಲ್ ಸವಾರರ ಎರಡು ಸಂಘಗಳು ಕೂಡಿ 1886ರಲ್ಲಿ ರಸ್ತೆಗಳ ಸುಧಾರಣಾ ಸಂಘವನ್ನು ಸ್ಥಾಪಿಸಿದುವು. ಅಮೆರಿಕದಲ್ಲಿಯೂ ಇಂತಹ ಚಳವಳಿಯೇ ನಡೆಯಿತು. ಆಗ ಮೋಟಾರು ಬಂಡಿ ಇನ್ನೂ ತೊಟ್ಟಿಲಿನಲ್ಲಿದ್ದಿತು. ಹಾರ್ನನ್ನು ಒತ್ತಿ ಸೈಕಲ್ಲಿನವನನ್ನು ರಸ್ತೆಯಿಂದ ಕೆಳಗಿಳಿಸುವ ಮಹನೀಯರು ಈ ಪೂರ್ವಕಥೆಯನ್ನು ಒಮ್ಮೆ ನೆನೆದರೆ ಒಳ್ಳೆಯದು.

ನಮ್ಮ ಕಡೆಗೆ ಬೈಸಿಕಲ್ಲು ಬಂದುದು ಹಡಗಿನಲ್ಲಿ, ದೊರೆಗಳ ವಾಹನವಾಗಿ. ಬೆಲೆ ಹೆಚ್ಚಾಗಿದ್ದುದರಿಂದ ಬಹುಕಾಲ ಅದು ಅಮಲ್ದಾರರು, ವಕೀಲರು ಮುಂತಾದವರ ಸೊತ್ತಾಗಿದ್ದಿತು. ಬರಬರುತ್ತ ಉಪಾಧ್ಯಾಯರು, ಟಪಾಲಿನವರು, ದೇವಿ ಹಾಕುವವರು ಇದನ್ನು ಹಿಡಿದರು. 1949ರಲ್ಲಿ ಮದರಾಸಿನ ಬಳಿಯ ಟಿ. ಐ. ಕಾರ್ಖಾನೆಯೂ ಅಸನ್ಸೋಲಿನ ಸೆನ್-ರ್‍ಯಾಲಿ ಕಾರ್ಖಾನೆಯೂ ಸ್ಥಾಪಿತವಾದ ಮೇಲೆ ಸೈಕಲ್ಲು ದೇಶದಲ್ಲಿಯೇ ತಯಾರಾಗಿ ಸಾಮಾನ್ಯನ ಕೈಗೆ ಸಿಕ್ಕಿತು. ಗುಬ್ಬಿ, ತುಮಕೂರು, ಕುಣಿಗಲುಗಳ ಸೀಮೆಯಲ್ಲಿ ಅದು ಹೊತ್ತ ಹೊರೆಯನ್ನು ನೋಡಿದರೆ ಎತ್ತಿನ ಗಾಡಿಯ ತಮ್ಮನೆಂದೇ ಹೇಳಬೇಕು. ಹ್ಯಾಂಡಲಿನ ಎರಡು ಪಕ್ಕಕ್ಕೂ ತೆಂಗಿನಕಾಯಿಯ ಗೊಂಚಲು, ಕ್ಯಾರಿಯರಿನ ಮೇಲೆ ಹಸಿ ಹುಲ್ಲಿನ ಹೊರೆ, ಮುಂದಿನ ಅಡ್ಡಕಂಬಿಯ ಮೇಲೆ ಮಗು, ಬೆಳಗಿನ ಜಾವದಲ್ಲಿ ಹಾಲಿನ ಕ್ಯಾನು, ಸಂತೆಯ ದಿವಸ ರಾಗಿಯ ಚೀಲ. ಊರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಗಂಟೆಗಿಷ್ಟೆಂದು ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಇರುತ್ತಿದ್ದಿತು. ತೆಗೆದುಕೊಂಡು ಹೋದವರ ಹೆಸರನ್ನೂ ಹೊತ್ತನ್ನೂ ಬರೆದಿಡುವ ನೋಟು ಪುಸ್ತಕ, ಪಂಕ್ಚರು ನೋಡುವ ನೀರಿನ ಬಾನಿ, ಗೂಟಕ್ಕೆ ನೇತುಹಾಕಿದ ಹಳೆಯ ಟೈರುಗಳು ಇವೇ ಆ ಅಂಗಡಿಯ ಆಸ್ತಿ. ಈ ಅಂಗಡಿಗೆ ಸರ್ಕಾರದ ಸಹಾಯಧನ ಎಂದೂ ಇರಲಿಲ್ಲ. ಬಾಡಿಗೆಯ ಪುಡಿಗಾಸಿನಿಂದಲೇ ಅದು ನಡೆಯಿತು.

ಇನ್ನು ಹಣದ ವಿಚಾರ. ಸೈಕಲ್ಲಿನವನು ರಸ್ತೆಗೆ ಏನನ್ನೂ ಕೊಡುವುದಿಲ್ಲ, ಆದುದರಿಂದ ಅವನಿಗೆ ಪ್ರತ್ಯೇಕ ಹಾದಿಯನ್ನು ಕೇಳುವ ಹಕ್ಕಿಲ್ಲವೆಂದು ವಾದಿಸುವವರು ಈಗಲೂ ಇದ್ದಾರೆ. ಇವರು ಬಿಲ್ಲೆಯ ಕಾಲವನ್ನು ಮರೆತವರು. ಪುರಸಭೆಗಳೂ ಪಂಚಾಯಿತಿಗಳೂ ಬೈಸಿಕಲ್ಲುಗಳ ಮೇಲೆ ವರ್ಷಾವರ್ಷ ತೆರಿಗೆಯನ್ನೆತ್ತಿ, ಅದಕ್ಕೆ ಗುರುತಾಗಿ ಲೋಹದ ಬಿಲ್ಲೆಯೊಂದನ್ನು ಕೊಡುತ್ತಿದ್ದುವು. ಬಿಲ್ಲೆಯಿಲ್ಲದ ಸೈಕಲ್ಲನ್ನು ತಡೆದು ನಿಲ್ಲಿಸಿ ದಂಡವನ್ನು ವಸೂಲುಮಾಡುವುದೂ, ರಾತ್ರಿ ದೀಪವಿಲ್ಲದವನನ್ನೂ ಇಬ್ಬರು ಕೂತು ಬಂದವರನ್ನೂ ಹಿಡಿಯುವುದೂ ಅಂದಿನ ಊರುಗಳಲ್ಲಿ ನಿತ್ಯದ ಸಂಗತಿ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಪಟ್ಟಿಯ 57ನೆಯ ಬಾಬು, ಯಂತ್ರದಿಂದ ನಡೆಯಲಿ ನಡೆಯದಿರಲಿ, ರಸ್ತೆಯಲ್ಲಿ ಓಡಾಡುವ ವಾಹನಗಳ ಮೇಲಿನ ತೆರಿಗೆಯನ್ನು ರಾಜ್ಯಕ್ಕೆ ವಹಿಸಿದೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಶಾಸನವೂ ಮೋಟಾರಲ್ಲದ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಬಿಲ್ಲೆಯ ಹಣ ಸೇರಿದುದು ಪುರಸಭೆಯ, ಪಂಚಾಯಿತಿಯ ಸಾಮಾನ್ಯ ನಿಧಿಗೆ. ದೀಪದ ಕಂಬ, ಚರಂಡಿ, ನೌಕರರ ಸಂಬಳ ಇವುಗಳೊಡನೆ ಅದು ಬೆರೆತುಹೋಯಿತು. ಸೈಕಲ್ಲಿನಿಂದ ಬಂದುದನ್ನು ಸೈಕಲ್ಲಿನ ಹಾದಿಗೆ ಎಂಬ ಖಾತೆ ಲೆಕ್ಕದ ಪುಸ್ತಕದಲ್ಲಿ ತೆರೆಯಲೇ ಇಲ್ಲ.

ತೆರೆಯಬಹುದಾಗಿತ್ತೆಂಬುದಕ್ಕೆ ಹೊರದೇಶಗಳಲ್ಲಿ ನಿದರ್ಶನಗಳುಂಟು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ 1899ರ ಶಾಸನದ ಪ್ರಕಾರ ಸೈಕಲ್ ಸವಾರರು ಶುಲ್ಕ ಕೊಟ್ಟು ಬಿಲ್ಲೆಯನ್ನು ಕೊಳ್ಳುತ್ತಿದ್ದರು. ಆ ಹಣದಿಂದಲೇ ಹಳ್ಳಿಯ ರಸ್ತೆಗಳ ಪಕ್ಕದಲ್ಲಿ ಅವರಿಗೆ ಕಿರುಹಾದಿಗಳನ್ನು ಮಾಡಿಸಿದರು. ಹಾಲೆಂಡಿನ ಕಥೆ ಇನ್ನೂ ಸ್ವಾರಸ್ಯವಾದುದು. ಅಲ್ಲಿ 1924ರಲ್ಲಿ ಸೈಕಲ್ ಒಂದಕ್ಕೆ ವರ್ಷಕ್ಕೆ ಮೂರು ಗಿಲ್ಡರಿನಂತೆ ತೆರಿಗೆ ಹಾಕಿ ನಮ್ಮಲ್ಲಿಯಂತೆಯೇ ಬಿಲ್ಲೆಯನ್ನು ಕೊಟ್ಟರು. ಕೆಲಸವಿಲ್ಲದ ಬಡವರಿಗೆ ಬಿಲ್ಲೆ ಧರ್ಮಾರ್ಥವಾಗಿ ಸಿಕ್ಕುತ್ತಿದ್ದಿತು, ಆದರೆ ಅದರಲ್ಲಿ ಒಂದು ತೂತಿರುತ್ತಿತ್ತು. ತೂತನ್ನು ನೋಡಿದವರಿಗೆಲ್ಲ ಇವನು ಬಡವನೆಂಬುದು ತಿಳಿಯುತ್ತಿದ್ದಿತು. ಇಂತಹ ದಾನಕ್ಕಿಂತ ತೆರಿಗೆಯೇ ಮೇಲು. ಕೆಲವು ವರ್ಷಗಳಲ್ಲಿ ಆ ಹಣವು ರಸ್ತೆ ನಿಧಿಗೆ ಸಂದಾಯವಾಗತೊಡಗಿತು. ನಾವು ಕೊಟ್ಟ ಹಣದಿಂದ ಮೋಟಾರಿನವರಿಗೆ ಹೆದ್ದಾರಿ ಆಗುತ್ತಿದೆಯೆಂದು ಸೈಕಲ್ಲಿನವರು ಗೊಣಗಿದರು. ಅವರ ಬಾಯಿ ಮುಚ್ಚಿಸುವುದಕ್ಕಾದರೂ ಹೆದ್ದಾರಿಗಳ ಪಕ್ಕದಲ್ಲಿ ಸೈಕಲ್ ಹಾದಿಗಳು ಸೇರಿದುವು. 1941ರಲ್ಲಿ ತೆರಿಗೆ ರದ್ದಾಯಿತು, ಹಾದಿಗಳು ಉಳಿದುವು. ನಮ್ಮಲ್ಲಿಯೂ ಬಿಲ್ಲೆ ಕಣ್ಮರೆಯಾಯಿತು. ಉಳಿಯುವುದಕ್ಕೆ ಹಾದಿಯೇ ಆಗಿರಲಿಲ್ಲ.

ರಸ್ತೆಗೆಂದೇ ಮೀಸಲಾದ ನಿಧಿಯ ಕಲ್ಪನೆ ಇಂಡಿಯಾ ದೇಶಕ್ಕೂ ಹೊಸದಲ್ಲ. ಮುಕುಂದರಾವ್ ಜಯಕರರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಸಮಿತಿಯ ಸಲಹೆಯಂತೆ, ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚು ಸುಂಕವನ್ನೆತ್ತಿ 1929ರಲ್ಲಿ ಕೇಂದ್ರ ರಸ್ತೆ ನಿಧಿಯನ್ನು ಏರ್ಪಡಿಸಿದರು. 2000ನೆಯ ಇಸವಿಯ ಶಾಸನದಿಂದ ಆ ನಿಧಿಗೆ ಹೊಸ ರೂಪ ಬಂದು, ಡೀಸೆಲ್ಲಿನ ಸೆಸ್ಸಿನಲ್ಲಿ ಅರ್ಧ ಹಳ್ಳಿಗಾಡಿನ ರಸ್ತೆಗಳಿಗೆಂದು ಗೊತ್ತಾಯಿತು. ಆ ವರ್ಷವೇ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಎಷ್ಟೋ ಊರುಗಳ ಕೆಸರನ್ನು ನೀಗಿಸಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿಧಿಯ ಮೂಲವು ಎಣ್ಣೆಯಾದುದರಿಂದ ಎಣ್ಣೆ ಸುಡುವವನೇ ಒಡೆಯನೆಂಬ ಭಾವನೆ ಬೇರೂರಿತು. ರಸ್ತೆಯನ್ನು ಸಮೆಯಿಸುವುದು ಯಾರು ಎಂಬ ಲೆಕ್ಕವನ್ನು ಯಾರೂ ಹಾಕಲಿಲ್ಲ. ಹದಿನೈದಿಪ್ಪತ್ತು ಕಿಲೋ ತೂಗುವ ಸೈಕಲ್ಲಿನಿಂದ ಟಾರು ಕಿತ್ತುಹೋದುದನ್ನು ಕಂಡವರುಂಟೆ?

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ 1962ರಲ್ಲಿ ಸೈಕಲ್ ಹಾದಿಗಳ ವಿಷಯವಾಗಿ ನಿಯಮಗಳನ್ನು ಪ್ರಕಟಿಸಿತು. ಹಾದಿಯ ಅಗಲ ಎರಡು ಮೀಟರಿಗೆ ಕಡಮೆಯಿರಬಾರದು; ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್ಲುಗಳು ಹೋಗುವ ಕಡೆ, ಗಂಟೆಗೆ ನೂರರಿಂದ ಇನ್ನೂರು ಮೋಟಾರುಗಳೂ ಇದ್ದರೆ, ಪ್ರತ್ಯೇಕ ಹಾದಿಯನ್ನು ಮಾಡಬಹುದು; ಮೋಟಾರುಗಳು ಇನ್ನೂರಕ್ಕೆ ಮೇಲ್ಪಟ್ಟರೆ 100 ಸೈಕಲ್ಲುಗಳಿದ್ದರೂ ಸಾಕು. ನಿಯಮ ಉದಾರವಾಗಿಯೇ ಇದೆ. ಆದರೆ ಎಣಿಸುವವರು ನಿಲ್ಲುವುದು ಪಟ್ಟಣದ ನಾಲ್ಕು ರಸ್ತೆ ಕೂಡುವಲ್ಲಿ. ಹಳ್ಳಿಯ ದಾರಿಯಲ್ಲಿ ಗಂಟೆಗೆ ನೂರು ಸೈಕಲ್ಲುಗಳು ಎಂದಿಗೂ ಬಾರವು. ಬರಲು ಅಲ್ಲಿ ಅಷ್ಟು ಜನರೇ ಇಲ್ಲ. ಇದಲ್ಲದೆ, ಲಾರಿಗಳಿಗೆ ಹೆದರಿ ಮನೆಯಲ್ಲಿಯೇ ನಿಂತ ಸೈಕಲ್ಲು ಯಾವ ಎಣಿಕೆಗೂ ಸಿಕ್ಕುವುದಿಲ್ಲ. ಬಾವಿಯನ್ನೇ ತೋಡದೆ, ಇಲ್ಲಿ ನೀರು ಸೇದುವವರೆಷ್ಟು ಮಂದಿ ಎಂದು ಲೆಕ್ಕ ತೆಗೆದಂತಾಯಿತು.

ಈ ಶತಮಾನದಲ್ಲಿ ಸರ್ಕಾರದ ಹಣ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಸೈಕಲ್ಲಿನ ಕಡೆಗೆ ಹರಿಯಿತು. 2006-07ರಲ್ಲಿ ಕರ್ಣಾಟಕ ಸರ್ಕಾರದವರು ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಕೊಡತೊಡಗಿದರು. ಮರುವರ್ಷ ಗಂಡುಮಕ್ಕಳಿಗೂ ಅದು ದೊರೆಯಿತು. ಮುಂದೆ ವರ್ಷಕ್ಕೆ ಐದು ಲಕ್ಷದಷ್ಟು ಸೈಕಲ್ಲುಗಳು ಹಂಚಿಕೆಯಾದುವು. ಪ್ರೌಢಶಾಲೆ ಮನೆಯಿಂದ ಐದು ಕಿಲೋಮೀಟರಿನೊಳಗೆ ಇರಬೇಕೆಂಬುದು 2009ರಲ್ಲಿ ಹೊರಟ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಯೋಜನೆಯ ಗುರಿ. ಐದು ಕಿಲೋಮೀಟರು ನಡೆಯುವುದಕ್ಕೆ ದೂರ, ಬಸ್ಸಿಗೆ ಹತ್ತಿರ, ಸೈಕಲ್ಲಿಗೆ ಸರಿ. ಹೆಣ್ಣುಮಗಳನ್ನು ಏಳನೆಯ ತರಗತಿಗೇ ಶಾಲೆಯಿಂದ ಬಿಡಿಸುತ್ತಿದ್ದ ಮನೆಗಳಲ್ಲಿ ಈ ಸೈಕಲ್ಲು ಮಾಡಿದ ಕೆಲಸವನ್ನು ಯಾವ ಭಾಷಣವೂ ಮಾಡಿರಲಿಲ್ಲ. ಇದೇ ಬಗೆಯ ಯೋಜನೆ 2006ರಲ್ಲಿ ಬಿಹಾರದಲ್ಲಿಯೂ ನಡೆಯಿತು. ಕಾರ್ತಿಕ್ ಮುರಳೀಧರನ್, ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಪರಿಶೋಧನೆಯ ಪ್ರಕಾರ, ಅಲ್ಲಿ ಪ್ರೌಢಶಾಲೆಗೆ ಸೇರಿದ ಹೆಣ್ಣುಮಕ್ಕಳು ಶೇಕಡ 32ರಷ್ಟು ಹೆಚ್ಚಿದರು. ಶಾಲೆ ಮೂರು ಕಿಲೋಮೀಟರಿಗೆ ಮೇಲ್ಪಟ್ಟು ದೂರವಿದ್ದ ಊರುಗಳಲ್ಲಿಯೇ ಈ ಹೆಚ್ಚಳ ಎದ್ದು ಕಂಡಿತು. ಇದಕ್ಕೂ ಮುಂಚೆ, 1991ರ ಸುಮಾರಿನಲ್ಲಿ, ನೆರೆಯ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಸಾಕ್ಷರತೆಯ ಚಳವಳಿಯೊಡನೆ ಹೆಂಗಸರಿಗೆ ಸೈಕಲ್ ಕಲಿಸುವ ಕೆಲಸವೂ ಕೂಡಿಕೊಂಡಿತು. ಅಂದಿನ ಕಲೆಕ್ಟರು ಷೀಲಾ ರಾಣಿ ಚುಂಕತ್ ಅವರು ಅದಕ್ಕೆ ಬೆಂಬಲವಾಗಿ ನಿಂತು, ಕೊಳ್ಳುವುದಕ್ಕೆ ಸಾಲವನ್ನೂ ಒದಗಿಸಿದರು. ಕಲ್ಲುಗಣಿಯ ಕೂಲಿ ಹೆಂಗಸರೂ ಹೂಮಾರುವವರೂ ಸೈಕಲ್ ಹತ್ತಿದುದನ್ನು ಪತ್ರಿಕೋದ್ಯಮಿ ಪಿ. ಸಾಯಿನಾಥರು ವಿವರವಾಗಿ ಬರೆದಿದ್ದಾರೆ.

ಇಷ್ಟೆಲ್ಲ ಆದರೂ ಕೊಟ್ಟುದು ಸೈಕಲ್ಲನ್ನೇ ಹೊರತು ಹಾದಿಯನ್ನಲ್ಲ. ಎತ್ತನ್ನು ಕೊಟ್ಟು ಕಾವಲನ್ನು ಕೊಡದಿದ್ದ ಹಾಗೆ. ಸಾವಿರಾರು ರೂಪಾಯಿ ಬೆಲೆಯ ಒಂದೊಂದು ಯಂತ್ರವನ್ನು ಹನ್ನೆರಡು ಹದಿಮೂರು ವಯಸ್ಸಿನ ಮಗುವಿನ ಕೈಗಿತ್ತು, ಲಾರಿ ಬಸ್ಸುಗಳೊಡನೆ ಒಂದೇ ಟಾರಿನ ಮೇಲೆ ಹೋಗೆಂದು ಬಿಟ್ಟರು. 2022ನೆಯ ಒಂದು ವರ್ಷದಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿಯೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಸೈಕಲ್ ಸವಾರರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಕರ್ಣಾಟಕದ ಸೈಕಲ್ ಹಂಚಿಕೆಯು 2020ರ ಸಾಂಕ್ರಾಮಿಕದ ವರ್ಷದಲ್ಲಿ ನಿಂತುಹೋಯಿತು. ಸೈಕಲ್ಲಿಗೆ ಕೊಡುತ್ತಿದ್ದ ಹಣದ ಒಂದು ಪಾಲನ್ನಾದರೂ ಆ ವರ್ಷಗಳಲ್ಲಿ ಶಾಲೆಯ ದಾರಿಗೆಂದು ತೆಗೆದಿಟ್ಟಿದ್ದರೆ, ಹಂಚಿಕೆ ನಿಂತಮೇಲೂ ದಾರಿಯು ಉಳಿಯುತ್ತಿದ್ದಿತು. 2005ರ ಉದ್ಯೋಗ ಖಾತರಿ ಶಾಸನದ ಕೆಳಗೆ ನಮ್ಮ ರಾಜ್ಯದಲ್ಲಿ ಹೊಲಗಳಿಗೆ ಹೋಗುವ ದಾರಿಗಳನ್ನು ಸಾವಿರಗಟ್ಟಲೆ ಮಾಡಿಸಿದರು. ಹೊಲಕ್ಕೆ ಟ್ರಾಕ್ಟರು ಹೋಗುವುದಕ್ಕೆ ದೊರೆತ ಕೂಲಿಯ ಹಣ ಶಾಲೆಗೆ ಸೈಕಲ್ಲು ಹೋಗುವುದಕ್ಕೂ ದೊರೆಯುವುದು ಅಸಾಧ್ಯವಾಗಿರಲಿಲ್ಲ, ಕೇಳಿದವರು ಕಡಮೆ.

ಪಟ್ಟಣಗಳ ಕಥೆಯನ್ನು ವಿಸ್ತರಿಸುವ ಅವಶ್ಯಕತೆಯಿಲ್ಲ. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಹಾದಿಗಳನ್ನು ಬಣ್ಣ ಬಳಿದು ಗುರುತಿಸಿದರು. ಬಣ್ಣ ಆರುವಷ್ಟರಲ್ಲಿ ಅವುಗಳ ಮೇಲೆ ಕಾರುಗಳು ನಿಂತುವು. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿಗೆ ಗೂಟಗಳನ್ನು ನೆಟ್ಟು ಮಾಡಿದ ಹಾದಿಗೂ ಮೆಟ್ರೋ ಕಾಮಗಾರಿಯ ನಡುವೆ ಉಳಿಗಾಲವಾಗಲಿಲ್ಲ. ಮೈಸೂರಿನಲ್ಲಿ 2017ನೆಯ ಜೂನ್ 4ರಂದು ಆರಂಭವಾದ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ 450 ಸೈಕಲ್ಲುಗಳನ್ನು ಊರಿನ ಸುಮಾರು ಐವತ್ತು ನಿಲ್ದಾಣಗಳಲ್ಲಿ ಇರಿಸಿತು. ಅದಕ್ಕೆ ಜಾಗತಿಕ ಪರಿಸರ ನಿಧಿಯ ನೆರವು ಬಂದಿತು. ಹೊರಗಿನ ನಿಧಿ ಸೈಕಲ್ಲನ್ನು ತರುವುದು ಸುಲಭ; ಹಾದಿಗೆ ಬೇಕಾದ ನೆಲವನ್ನು ಬಿಟ್ಟುಕೊಡಬೇಕಾದವರು ಊರಿನವರೇ. ನಮ್ಮ ತುಮಕೂರು 2016ನೆಯ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಅಂತಹ ನಗರವೊಂದಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಹಣ ರಾಜ್ಯದಿಂದ ಎಂಬುದು ಯೋಜನೆಯ ಲೆಕ್ಕ. ಹಣವಿಲ್ಲವೆಂಬ ಮಾತು ಅಂದಿನಿಂದ ನಮ್ಮ ಊರಿಗೆ ಹೊಂದುವುದಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಸೈಕಲ್ ಹಾದಿಗಳಿಗೆ ಕೇಂದ್ರದ ಸಹಾಯವುಂಟೆಂದು ಹೇಳಿದ್ದಿತು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು, ಸಾರಿಗೆಯ ವೆಚ್ಚದಲ್ಲಿ ಐದರಲ್ಲೊಂದು ಪಾಲನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಿಡಿರೆಂದು ಎಲ್ಲ ದೇಶಗಳಿಗೂ ಸಲಹೆಯಿತ್ತಿತು. ಹಾಲೆಂಡಿನವರಿಗೆ ಈ ಬುದ್ಧಿ ಬಂದುದು ಸುಮ್ಮನೆ ಅಲ್ಲ. 1971ರಲ್ಲಿ ಅಲ್ಲಿ ರಸ್ತೆಗಳ ಮೇಲೆ ಮೂರು ಸಾವಿರಕ್ಕೆ ಮೇಲ್ಪಟ್ಟು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ತಾಯಿತಂದೆಗಳು ಬೀದಿಗಿಳಿದರು. ಆಮೇಲೆ ಸರ್ಕಾರವು ಹೇಗ್, ಟಿಲ್‌ಬರ್ಗ್ ಎಂಬ ಎರಡು ಪಟ್ಟಣಗಳಲ್ಲಿ ತನ್ನ ಖರ್ಚಿನಿಂದ ಮಾದರಿ ಹಾದಿಗಳನ್ನು ಮಾಡಿಸಿ ಪರೀಕ್ಷಿಸಿತು.

ಈಗ ಸೈಕಲ್ ತುಳಿಯುವವರೇ ಇಲ್ಲ, ಎಲ್ಲರ ಮನೆಯಲ್ಲಿಯೂ ಮೋಟಾರು ಸೈಕಲ್ಲುಂಟು ಎಂಬ ಆಕ್ಷೇಪಣೆಯೊಂದಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹಳ್ಳಿಯ ಯುವಕನು ಕಂತಿನ ಮೇಲಾದರೂ ಮೋಟಾರು ಸೈಕಲ್ಲನ್ನೇ ಕೊಳ್ಳುತ್ತಾನೆ. ಬಾಡಿಗೆ ಸೈಕಲ್ ಅಂಗಡಿಗಳು ಮುಚ್ಚಿದುವು. ಆದರೂ 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ 45ರ ಹತ್ತಿರ ಮನೆಗಳಿಗೆ ಸೈಕಲ್ಲಿದ್ದಿತು, ಮೋಟಾರು ಸೈಕಲ್ಲು ಸ್ಕೂಟರುಗಳಿದ್ದುದು 21ಕ್ಕೆ. ಬೇಸಾಯವಲ್ಲದ ಕೆಲಸಗಳಿಗೆ ಹೋಗುವವರಲ್ಲಿ ನೂರಕ್ಕೆ 13 ಮಂದಿ ಸೈಕಲ್ಲಿನಲ್ಲಿಯೂ 22ಕ್ಕೆ ಮೇಲ್ಪಟ್ಟು ಜನ ಕಾಲ್ನಡಿಗೆಯಲ್ಲಿಯೂ ಹೋಗುತ್ತಿದ್ದರು. ಆಮೇಲೆ ಕಾಲ ಬದಲಾಗಿರಬಹುದು. ಆದರೆ ಮನೆಗೆ ಮೋಟಾರು ಸೈಕಲ್ ಬಂದರೂ ಅದು ಒಂದೇ. ಅದರ ಮೇಲೆ ಹೋಗುವವನು ಯಜಮಾನ ಇಲ್ಲವೆ ದೊಡ್ಡ ಮಗ. ಶಾಲೆಗೆ ಹೋಗುವ ಹುಡುಗಿ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸು, ಡೇರಿಗೆ ಹಾಲು ಹಾಕುವ ಮುದುಕ ಇವರಿಗೆ ಆ ಗಾಡಿ ಸಿಕ್ಕುವುದು ಎಂದೋ ಒಂದು ದಿವಸ.

ಬಿದರೆಹಳ್ಳ ಕಾವಲಿಗೆ ಹಿಂದಿರುಗೋಣ. ಹಿಂದೂಸ್ಥಾನ್ ಕಾರ್ಖಾನೆಯು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಮೈಸೂರು ಸರ್ಕಾರದವರು ನೆಲವನ್ನೂ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಆ ಕಾರ್ಖಾನೆಗೂ ಅದರ ಹಿಂದೆ ಬಂದ ಟೆಲಿಫೋನು, ಗಡಿಯಾರ, ರೇಡಿಯೋ ಕಾರ್ಖಾನೆಗಳಿಗೂ ಕೆಲಸಗಾರರು ಬರುತ್ತಿದ್ದುದು ಬಹುಮಟ್ಟಿಗೆ ಸೈಕಲ್ಲಿನ ಮೇಲೆ. ಪಾಳಿ ಬಿಟ್ಟು ಸೈರನ್ನು ಕೂಗಿದೊಡನೆ ಬಾಗಿಲಿನಿಂದ ಸೈಕಲ್ಲುಗಳು ಕಟ್ಟೆಯೊಡೆದ ನೀರಿನಂತೆ ಹೊರಡುತ್ತಿದ್ದುವೆಂದು ಹಿರಿಯರು ಹೇಳುತ್ತಾರೆ. ಒಳಗೆ ಸೈಕಲ್ ನಿಲ್ಲಿಸುವುದಕ್ಕೆ ತಗಡಿನ ಚಪ್ಪರವಿದ್ದಿತು, ಹೊರಗೆ ಹಾದಿಯಿರಲಿಲ್ಲ. ಆ ಸಂಸ್ಥೆಯೇ ಮುಕ್ಕಾಲು ಶತಮಾನ ಕಳೆದ ಮೇಲೆ ನಮ್ಮ ಕಾವಲಿಗೆ ಬಂದಿದೆ. ಬೆಂಗಳೂರಿನಲ್ಲಿ ಊರು ಬೆಳೆದುಬಿಟ್ಟಿತು, ಈಗ ಅಲ್ಲಿ ಅಗಲಿಸುವುದಕ್ಕೆ ನೆಲವೆಲ್ಲಿ ಎನ್ನಬಹುದು. ಇಲ್ಲಿ ಆ ಮಾತಿಗೆ ಎಡೆಯಿಲ್ಲ. 2013ರ ಕಂಪೆನಿಗಳ ಶಾಸನದ 135ನೆಯ ಪ್ರಕರಣದಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಹಿತಕ್ಕೆ ವೆಚ್ಚಮಾಡಬೇಕು. ತಾವು ಕೆಲಸ ನಡೆಸುವ ಸುತ್ತಣ ಪ್ರದೇಶಕ್ಕೆ ಮೊದಲ ಗಮನ ಕೊಡಬೇಕೆಂದೂ ಅದರಲ್ಲಿ ಹೇಳಿದೆ. ಗ್ರಾಮ ಪಂಚಾಯಿತಿಗಳಿಗೆ ಹಣಕಾಸು ಆಯೋಗದ ಅನುದಾನವಿದೆ. ಹೆದ್ದಾರಿಯವರಿಗೆ ಎಣ್ಣೆಯ ನಿಧಿಯಿದೆ. ಮೂವರೂ ಬೇರೆ ಬೇರೆಯಾಗಿ ಕೂತರೆ ಮೂವರಿಗೂ ಇದು ತಮ್ಮ ಬಾಬಲ್ಲ. ಒಂದೇ ಮೇಜಿನ ಮುಂದೆ ಕೂರಿಸತಕ್ಕವರು ಜಿಲ್ಲಾಡಳಿತದವರು.

ನೆಲದ ಲೆಕ್ಕವನ್ನೂ ಕೊನೆಗೆ ಹೇಳಿಬಿಡಬಹುದು. ಕಾರ್ಖಾನೆಯ ಬಾಗಿಲಿನಿಂದ ಐದು ಕಿಲೋಮೀಟರ್ ದೂರದವರೆಗೆ, 1962ರ ನಿಯಮದಂತೆ ಎರಡು ಮೀಟರ್ ಅಗಲದ ಸೈಕಲ್ ಹಾದಿಯೊಂದನ್ನು ಮಾಡುವುದಾದರೆ ಅದಕ್ಕೆ ಬೇಕಾಗುವುದು ಹತ್ತು ಸಾವಿರ ಚದರ ಮೀಟರ್, ಅಂದರೆ ಸುಮಾರು ಎರಡೂವರೆ ಎಕರೆ. ಹೆಲಿಕಾಪ್ಟರಿಗೆ ಕೊಟ್ಟ 615 ಎಕರೆಗಳ ಎದುರಿಗೆ ಇಟ್ಟರೆ ಇದು ಇನ್ನೂರೈವತ್ತರಲ್ಲಿ ಒಂದು ಪಾಲು.